ಫೈಟರ್ ಮೀನಿನ ಪುಟ್ಟ ತೊಟ್ಟಿಯಲ್ಲಿ ಜಲಸಸ್ಯಗಳ ಬೇಸಾಯ

ಹೆಬ್ಬಾಳ, ಅಮೃತಹಳ್ಳಿ, ಯಲಹಂಕಗಳ ಸುತ್ತ ಬಹುಪಾಲು ಹೊಲಗಳು ಬಡಾವಣೆಗಳಾಗಿವೆ. ಆದರೂ ಅಂಗಳದಲ್ಲಿ ಸೊಪ್ಪು, ತಾರಸಿಯ ಮೇಲೆ ಹೂಕುಂಡ ಇಡುವ ಬೇಸಾಯಗಾರನ ಮನಸ್ಸು ಉಳಿದಿದೆ. ಮಕ್ಕಳ ಒತ್ತಾಯಕ್ಕೆ ಇಂಥ ಮನೆಗಳಿಗೆ ಈಗ ಫೈಟರ್ ಮೀನು, ಅಂದರೆ ಬೆಟ್ಟಾ ಮೀನು ಬರುತ್ತಿದೆ. ಅದನ್ನು ಎರಡು ಲೀಟರಿನ ಗಾಜಿನ ಬಟ್ಟಲಿಗೆ ಬಿಟ್ಟು, ಕೆಲವೇ ವಾರಗಳಲ್ಲಿ ಸತ್ತಿತೆಂದು ಕೊರಗುವವರು ಬಹಳ. ತೊಟ್ಟಿ ಸ್ವಲ್ಪ ದೊಡ್ಡದಾಗಿ, ಅದರಲ್ಲಿ ಜೀವಂತ ಗಿಡಗಳಿದ್ದರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಆದರೆ ಗೊಬ್ಬರ ಕೊಡುವ, ಬಿಸಿಲಿಗಿಡುವ ಅಭ್ಯಾಸಗಳೆರಡನ್ನೂ ಇಲ್ಲಿ ಬಿಡಬೇಕು.

ಮೀನು ಸಾಯುವುದೇಕೆ?

ಯೂರಿಯಾ ಹಾಕಿದ ಹೊಲದಲ್ಲಿ ಅಮೋನಿಯಂ ಉಂಟಾಗಿ, ಅದನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟ್ ಆಗಿ ಮಾರ್ಪಡಿಸುವುದು ನಿಮಗೆ ತಿಳಿದ ವಿಷಯ. ಮೀನು ತನ್ನ ಕಿವಿರುಗಳ ಮೂಲಕ ಹಗಲಿರುಳೂ ಅಮೋನಿಯಾ ಹೊರಬಿಡುತ್ತದೆ. ಉಳಿದು ಕೊಳೆಯುವ ಮೇವಿನಿಂದಲೂ ಅದೇ ಹುಟ್ಟುತ್ತದೆ. ಹೊಸ ತೊಟ್ಟಿಯಲ್ಲಿ ಅದನ್ನು ಮಾರ್ಪಡಿಸುವ ಸೂಕ್ಷ್ಮಜೀವಿಗಳು ಇನ್ನೂ ನೆಲೆಸಿರುವುದಿಲ್ಲ. ಇದರ ಜೊತೆಗೆ ನೀರಿನ ರಸಸಾರವೂ ಮುಖ್ಯ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ರಸಸಾರ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇಕಡಾ 1ಕ್ಕೂ ಕಡಮೆ ಭಾಗ ವಿಷರೂಪದಲ್ಲಿರುತ್ತದೆ. ರಸಸಾರ 8 ಆದರೆ ಅದು ಶೇಕಡಾ 5ನ್ನು ಮೀರುತ್ತದೆ. ಆದುದರಿಂದ ಕ್ಷಾರಗುಣದ ಕೊಳವೆಬಾವಿ ನೀರು ಬಳಸುವವರು ಹೆಚ್ಚು ಎಚ್ಚರದಿಂದಿರಬೇಕು. ಜಲಸಸ್ಯಗಳು ಅಮೋನಿಯಂ ಅನ್ನೇ ನೇರವಾಗಿ ಹೀರಿ ಬೆಳೆಯುತ್ತವೆ. ಮೀನಿಗೆ ವಿಷವಾಗುವುದು ಗಿಡಕ್ಕೆ ಗೊಬ್ಬರ. ಇದಕ್ಕೇ ಬೇರೆ ಗೊಬ್ಬರ ಬೇಡವೆಂದದ್ದು.

ತೊಟ್ಟಿ ಮತ್ತು ನೀರು

40 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರದ ತೊಟ್ಟಿಯಲ್ಲಿ 20 ಸೆಂ.ಮೀ. ನೀರು ನಿಲ್ಲಿಸಿದರೆ 20 ಲೀಟರ್ ಆಗುತ್ತದೆ. ಒಂದು ಮೀನಿಗೆ ಇದು ಸಾಕು. ಎರಡು ಗಂಡು ಮೀನುಗಳನ್ನು ಒಟ್ಟಿಗೆ ಬಿಟ್ಟರೆ ಕಾದಾಡುತ್ತವೆ. ಈ ಮೀನು ಹಾರುವುದರಿಂದ ಗಾಳಿಯಾಡುವ ಮುಚ್ಚಳವಿರಲಿ. ತಳಕ್ಕೆ ಚೆನ್ನಾಗಿ ತೊಳೆದ ದಪ್ಪ ಮರಳನ್ನು 4-5 ಸೆಂ.ಮೀ. ಹರಡಿ. ಮರಳಿನ ಮೇಲೆ ನಿಂಬೆರಸ ಬಿಟ್ಟಾಗ ನೊರೆ ಬಂದರೆ ಸುಣ್ಣವಿದೆಯೆಂದು ತಿಳಿದು ಅದನ್ನು ಕೈಬಿಡಿ. ಕೆಂಪುಮಣ್ಣು, ಕೊಟ್ಟಿಗೆ ಗೊಬ್ಬರ ಖಂಡಿತ ಬೇಡ. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಿರಿ.

ಯಾವ ಗಿಡ?

ಗಡಸು ನೀರಿಗೆ ವ್ಯಾಲಿಸ್ನೇರಿಯಾ ಮತ್ತು ನಮ್ಮ ಕೆರೆಗಳ ಹೈಡ್ರಿಲ್ಲಾ ಒಗ್ಗುತ್ತವೆ. ಇವು ನೀರಿನ ಬೈಕಾರ್ಬೊನೇಟ್‌ನಿಂದಲೂ ಇಂಗಾಲ ಪಡೆಯಬಲ್ಲವು. ಹೈಡ್ರಿಲ್ಲಾ ಬೇಗ ಬೆಳೆಯುವುದರಿಂದ ಅಮೋನಿಯಾ ತೆಗೆಯುವಲ್ಲಿ ಮುಂದು. ಮೊದಲ ತಿಂಗಳಿಗೆ ಇದಕ್ಕಿಂತ ಒಳ್ಳೆಯ ಗಿಡ ಬೇಕಿಲ್ಲ. ಕೊಳಚೆ ಸೇರುವ ಕೆರೆಯಿಂದ ಮಾತ್ರ ತರಬಾರದು. ಎಲ್ಲಿಂದ ತಂದರೂ ಬಸವನಹುಳು, ಕೀಟಗಳ ಮರಿ ಇವೆಯೇ ಎಂದು ನೋಡಿ, ಹಲವು ಸಲ ತೊಳೆದು, ಒಂದೆರಡು ವಾರ ಬೇರೆ ಬಕೆಟ್ಟಿನಲ್ಲಿಟ್ಟು ಅನಂತರ ನೆಡಿ.

ಅಂಗಡಿಯಲ್ಲಿ ದೊರೆಯುವ ಅನುಬಿಯಾಸ್, ಜಾವಾ ಫರ್ನ್‌ಗಳು ನಿಧಾನವಾಗಿ ಬೆಳೆಯುತ್ತವೆ, ಮಂದ ಬೆಳಕಿನಲ್ಲೂ ಬಾಳುತ್ತವೆ. ಇವುಗಳಿಗೆ ಶುಂಠಿಯಂತೆ ಅಡ್ಡ ಹರಿಯುವ ಗೆಡ್ಡೆಯುಂಟು. ಶುಂಠಿಯಂತೆ ಹೂತರೆ ಮಾತ್ರ ಕೊಳೆಯುತ್ತದೆ. ದಾರದಿಂದ ಕಲ್ಲಿಗೆ ಕಟ್ಟಿರಿ. ಕ್ರಿಪ್ಟೊಕೊರೈನ್ ನೆಟ್ಟ ಕೆಲವು ದಿನಗಳಲ್ಲಿ ಎಲೆಗಳೆಲ್ಲ ಕರಗಿಹೋಗಬಹುದು. ನಾಟಿಯ ನಂತರ ಬಾಡಿದ ಭತ್ತದ ಪೈರನ್ನು ಯಾರೂ ಕೀಳುವುದಿಲ್ಲವಷ್ಟೆ; ಇದನ್ನೂ ಕೀಳಬೇಡಿ. ಬೇರು ಗಟ್ಟಿಯಿದ್ದರೆ ಕೆಲವು ವಾರಗಳಲ್ಲಿ ಹೊಸ ಎಲೆ ಬರುತ್ತದೆ.

ಬೆಟ್ಟಾ ಮೀನು ಆಗಾಗ ಮೇಲೆ ಬಂದು ಗಾಳಿ ಕುಡಿಯಲೇಬೇಕು. ಅದಕ್ಕೆಂದೇ ತಲೆಯಲ್ಲಿ ಒಂದು ವಿಶೇಷ ಅಂಗವಿದೆ. ತೇಲುವ ಗಿಡಗಳು ನೀರಿನ ಮೇಲ್ಮೈಯನ್ನೆಲ್ಲ ಮುಚ್ಚಿದರೆ ಅಪಾಯ. ಅರ್ಧದಷ್ಟಾದರೂ ತೆರೆದಿರಲಿ.

ನಿರ್ವಹಣೆ

ನೇರ ಬಿಸಿಲು ಬಿದ್ದರೆ ನೀರು ಕಾಯುತ್ತದೆ, ಪಾಚಿ ಕವಿಯುತ್ತದೆ. ಸಣ್ಣ ಎಲ್‌ಇಡಿ ದೀಪವನ್ನು ದಿನಕ್ಕೆ 6ರಿಂದ 8 ಗಂಟೆ ಉರಿಸಿದರೆ ಸಾಕು. ಪಾಚಿ ಕಂಡರೆ ಔಷಧಿ ಹುಡುಕುವ ಮೊದಲು ಬೆಳಕನ್ನೂ ಮೇವನ್ನೂ ಕಡಮೆ ಮಾಡಿ. ಗಿಡಗಳು ಚಿಗುರಿದ ಮೇಲೆ ಮೀನು ಬಿಡಿ. ಮೊದಲ ತಿಂಗಳು ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಮ್ಮೆ, ಕಾಲುಭಾಗ ನೀರು ಬದಲಾಯಿಸಬೇಕು. ಡಿಸೆಂಬರ್-ಜನವರಿಯ ನಮ್ಮ ಚಳಿಯನ್ನು ಗಿಡ ತಡೆದರೂ, 25-28 ಡಿಗ್ರಿಗೆ ಒಗ್ಗಿದ ಈ ಮೀನು ಮಂಕಾಗಿ ಮೇವು ಬಿಡುತ್ತದೆ. ಆಗ 25 ವಾಟ್‌ನ, ತಾನೇ ಆರಿಹೊತ್ತುವ ಹೀಟರ್ ಅವಶ್ಯಕ.

ಕತ್ತರಿಸಿದ ಗಿಡಗಳನ್ನು ಕೆರೆಗೆ, ರಾಜಕಾಲುವೆಗೆ ಎಸೆಯಬಾರದು. ನಮ್ಮ ಕೆರೆಗಳನ್ನು ಮುಚ್ಚುವ ನೇರಳೆ ಹೂವಿನ ಜಲಕಳೆ ದಕ್ಷಿಣ ಅಮೆರಿಕದಿಂದ ಅಲಂಕಾರದ ಗಿಡವಾಗಿಯೇ ಬಂದದ್ದು. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕದ ಫ್ಲಾರಿಡಾ ಸೇರಿದ ಹೈಡ್ರಿಲ್ಲಾ ಅಲ್ಲಿನ ಕಾಲುವೆಗಳಿಗೆ ದೊಡ್ಡ ಪಿಡುಗಾಯಿತು. ಕತ್ತರಿಸಿದ್ದನ್ನು ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ; ಬದಲಾಯಿಸಿದ ನೀರನ್ನು ಕೊತ್ತಂಬರಿ ಕುಂಡಗಳಿಗೆ ಸುರಿಯಿರಿ.