ಎಲ್ಲರೂ ಒಂದೇ ಪಂಕ್ತಿಗೆ ಕೂತಾಗ

ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ತುಮಕೂರಿನ ಒಂದು ಪ್ರಯೋಗಾಲಯಕ್ಕೆ ನಾಲ್ಕು ಕ್ಯಾಮೆರಾ ಬಂದಿದ್ದವು. ಕಾಂಕ್ರೀಟ್ ತೊಲೆ ಭಾರಕ್ಕೆ ಬಾಗುವುದನ್ನು ನಾಲ್ಕೂ ಒಂದೇ ಕ್ಷಣದಲ್ಲಿ ಹಿಡಿಯಬೇಕು. ಚಿತ್ರಕ್ಕೆ ಸುಮಾರು 5 ಮೆಗಾಬೈಟ್, ಸೆಕೆಂಡಿಗೆ ಒಂದು. ನಾಲ್ಕೂ ಸೇರಿ 20. ಗಿಗಾಬಿಟ್ ತಂತಿ ಸೆಕೆಂಡಿಗೆ 125 ಮೆಗಾಬೈಟ್ ಒಯ್ಯುತ್ತದೆ. ಇದು ಯಾವ ಲೆಕ್ಕ ಎಂದು ನಾನೇ ಎಂಟು ಪೋರ್ಟಿನ ಅಗ್ಗದ ನೆಟ್‌ವರ್ಕ್ ಸ್ವಿಚ್ ತರಿಸಿದೆ. ಮೊದಲ ದಿನವೇ ಚಿತ್ರಗಳ ನಡುನಡುವೆ ಕಪ್ಪು ಪಟ್ಟಿ.

ಎರಡು ವಾರ ಕ್ಯಾಮೆರಾವನ್ನೇ ಬೈದದ್ದಾಯಿತು. ಎಡವಟ್ಟಾದದ್ದು ನನ್ನ ಸರಾಸರಿಯಲ್ಲಿ. ಸಿದ್ಧಗಂಗಾ ಮಠದ ದಾಸೋಹ ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಸಾವಿರಾರು ಮಕ್ಕಳನ್ನು ಇಪ್ಪತ್ನಾಲ್ಕು ಗಂಟೆಗೆ ಹಂಚಿದರೆ ನಿಮಿಷಕ್ಕೆ ಕೆಲವೇ ತಟ್ಟೆ. ಆದರೆ ಊಟದ ಹೊತ್ತಿಗೆ ಎಲ್ಲರೂ ಒಟ್ಟಿಗೇ ಪಂಕ್ತಿಗೆ ಕೂರುತ್ತಾರೆ. ನಾಲ್ಕು ಕ್ಯಾಮೆರಾ ಏಕಕಾಲಕ್ಕೆ ಕ್ಲಿಕ್ಕಿಸಿದರೆ 20 ಮೆಗಾಬೈಟ್ ಸುಮಾರು 40 ಮಿಲಿಸೆಕೆಂಡಿನಲ್ಲಿ ಸ್ವಿಚ್ಚಿಗೆ ನುಗ್ಗುತ್ತದೆ. ಕಂಪ್ಯೂಟರಿನ ಕಡೆಯ ಒಂದೇ ಗಿಗಾಬಿಟ್ ಬಾಗಿಲಿನಿಂದ ಅಷ್ಟರಲ್ಲಿ ಹೊರಬೀಳುವುದು 5. ಉಳಿದ 15 ಸ್ವಿಚ್ಚಿನ ಬಫರಿನಲ್ಲಿ, ಅಂದರೆ ಅದರ ತಾತ್ಕಾಲಿಕ ನೆನಪಿನಲ್ಲಿ, ಕಾಯಬೇಕು. ಆ ಡಬ್ಬಿಯ ಬಫರ್ ಕೆಲವೇ ನೂರು ಕಿಲೋಬೈಟ್. ಹಿಡಿಸದ್ದನ್ನು ಅದು ಸದ್ದಿಲ್ಲದೆ ಬಿಸಾಡುತ್ತದೆ. ಇಂಥ ಕ್ಯಾಮೆರಾಗಳು ನೆಚ್ಚುವ ಯುಡಿಪಿ ಎಂಬ ರವಾನೆಯ ವಿಧಾನಕ್ಕೆ ಬಿದ್ದದ್ದನ್ನು ಹೆಕ್ಕಿ ತರುವ ಅಭ್ಯಾಸವಿಲ್ಲ.

ಬಫರ್ ಎಷ್ಟು ಎಂದು ಅಂಗಡಿಯಲ್ಲಿ ಕೇಳಿದರೆ ಮುಖ ಮುಖ ನೋಡುತ್ತಾರೆ. ಡೇಟಾಶೀಟಿನ ಕೊನೆಯ ಪುಟದಲ್ಲೆಲ್ಲೋ ಇರುತ್ತದೆ, ಹುಡುಕಬೇಕು.

ಮೊದಲ ಮದ್ದು ಪುಕ್ಕಟೆ ಸಿಕ್ಕಿತು: ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಪ್ಯಾಕೆಟ್‌ಗಳ ನಡುವೆ ಅಂತರ ಕೊಟ್ಟೆವು. ಸೆಕೆಂಡಿಗೆ ಹದಿನೈದು ಚಿತ್ರ ಬೇಕೆಂದಾಗ ಮಾತ್ರ 10 ಗಿಗಾಬಿಟ್‌ನ ಎಸ್‌ಎಫ್‌ಪಿ ಪ್ಲಸ್ ಪೋರ್ಟಿರುವ ಸ್ವಿಚ್ಚು ಕೊಳ್ಳದೆ ವಿಧಿಯಿರಲಿಲ್ಲ.

ಕುಣಿಗಲ್‌ನ ಇನ್ನೊಂದು ಕೆಲಸದಲ್ಲಿ ಕೈಕೊಟ್ಟದ್ದು ಕೇಬಲ್. ಕ್ಯಾಟ್-6 ಎಂದು ಮುದ್ರಿಸಿದ್ದ 305 ಮೀಟರಿನ ಡಬ್ಬ ಒಂದೇ ಕೈಗೆ ಹಗುರವಾಗಿ ಬಂದಾಗಲೇ ಅನುಮಾನ ಪಡಬೇಕಿತ್ತು. ಬ್ಲೇಡಿನಿಂದ ಎಳೆಯನ್ನು ಕೆರೆದರೆ ಕೆಂಪು ಹೋಗಿ ಬೆಳ್ಳಗಾಯಿತು. ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ! ಅದರ ವಿದ್ಯುತ್ ರೋಧ ಹೆಚ್ಚು. ಅದೇ ತಂತಿಯಲ್ಲಿ ಕ್ಯಾಮೆರಾಗೆ ಕರೆಂಟನ್ನೂ ಕಳಿಸಿದರೆ ವೋಲ್ಟೇಜ್ ಕುಸಿಯುತ್ತದೆ. ಅಸಲಿ ಕ್ಯಾಟ್-6 ಆದರೂ 10 ಗಿಗಾಬಿಟ್‌ಗೆ 55 ಮೀಟರ್ ದಾಟಿಸಬಾರದು. 100 ಮೀಟರಿಗೆ ಕ್ಯಾಟ್-6ಎ ಬೇಕು.

ಗುಬ್ಬಿ ಕಡೆಯ ತೆಂಗಿನ ತೋಟವೊಂದರಲ್ಲಿ ಸೆನ್ಸರ್ ಹಾಕಿದ್ದೆವು. ಮೇ ತಿಂಗಳ ಒಂದು ಸಂಜೆ ಗುಡುಗು ಮಳೆ ಬಂದು ಹೋಯಿತು. ಎರಡು ಕಟ್ಟಡಗಳ ನಡುವೆ ಎಳೆದಿದ್ದ ತಾಮ್ರದ ತಂತಿಯ ಎರಡೂ ತುದಿಯ ಪೋರ್ಟ್ ಸುಟ್ಟು ಕರಕಲಾಗಿದ್ದವು. ಸಿಡಿಲು ಬಿದ್ದದ್ದು ದೂರದ ಮರಕ್ಕೆ.

ದೂರದ ಸಂಕೇತವನ್ನು ಒಂದು ಕೋಣೆಗೆ ತರುವ ಪಾಡು ಈ ಸೀಮೆಗೆ ಹಳೆಯದು. ಮಧುಗಿರಿ ದಾಟಿದರೆ ಸಿಗುವ ಗೌರಿಬಿದನೂರಿನಲ್ಲಿ 1970ರ ದಶಕದಲ್ಲೇ ಸಾವಿರ ಆಂಟೆನಾಗಳ ರೇಡಿಯೊ ದೂರದರ್ಶಕ ಕಟ್ಟಿದ್ದರು. ಅದರ ಒಂದು ತೋಳೇ ಸುಮಾರು 1.4 ಕಿ.ಮೀ. ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ 30 ಆಂಟೆನಾಗಳಾದರೆ ಸುಮಾರು 25 ಕಿ.ಮೀ. ಹರಹಿನಲ್ಲಿವೆ, ಅಲ್ಲಿ ಸಂಕೇತ ಹರಿಯುವುದು ಆಪ್ಟಿಕಲ್ ಫೈಬರಿನಲ್ಲಿ. ಗಾಜಿನ ಎಳೆ ಸಿಡಿಲಿನ ವಿದ್ಯುತ್ತನ್ನು ಹೊತ್ತು ತರುವುದಿಲ್ಲ.

ಗುಬ್ಬಿಯಲ್ಲೂ ಫೈಬರ್ ಹಾಕಿದೆವು. ಹೆಗ್ಗಣದ ಭಯಕ್ಕೆ ಉಕ್ಕಿನ ಕವಚದ್ದೇ ಇರಲಿ ಎಂದರು ಕೆಲವರು. ಆದರೆ ಉಕ್ಕು ಮತ್ತೆ ಸಿಡಿಲಿಗೆ ದಾರಿ. ಕೊನೆಗೆ ಲೋಹವಿಲ್ಲದ ಫೈಬರನ್ನೇ ದಪ್ಪ ಪೈಪಿನೊಳಗೆ ಹೂತೆವು. ಪೈಪಿನಲ್ಲಿ ಜೊತೆಗೊಂದು ನೈಲಾನ್ ಹಗ್ಗವನ್ನೂ ಬಿಟ್ಟಿದ್ದೇವೆ, ಮುಂದೆ ಇನ್ನೊಂದು ಎಳೆ ಬೇಕಾದರೆ ತೋಟದವರ ನೆಲ ಅಗೆಯುವುದು ತಪ್ಪಲಿ ಎಂದು.