ಒಂದು ಹಿಡಿ ಕಾಳು, ಮನೆಮಂದಿಗೆಲ್ಲ ಪಾಲು

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಊಟ ಬಲ್ಲವರು ಅಂದರೆ ಯಾರು? ಹೆಚ್ಚು ರೊಕ್ಕ ಖರ್ಚು ಮಾಡಿ ಉಣ್ಣುವವರಲ್ಲ. ಇದ್ದ ರೊಕ್ಕದಾಗ ದೇಹಕ್ಕೆ ಬೇಕಾದದ್ದನ್ನು ತಿಳಿದು ಉಣ್ಣುವವರು. ಈ ಸಲದ ಗೋಡೆ ಪತ್ರಿಕೆಗೆ ನಾನು ಆರಿಸಿಕೊಂಡ ವಿಷಯ ಕಾಳು ಮತ್ತು ಬೇಳೆ. ಪಾಠದಲ್ಲಿ ಓದಿದ್ದನ್ನೂ ಅವ್ವ, ಅಜ್ಜಿ ಹೇಳಿದ್ದನ್ನೂ ಕೂಡಿಸಿ ಬರೆದಿದ್ದೇನೆ. ಅಂಕಿಗಳನ್ನು ನಮ್ಮ ವಿಜ್ಞಾನದ ಅಕ್ಕೋರು ನೋಡಿ ಕೊಟ್ಟಿದ್ದಾರೆ.

ಕಾಳು ಎಂದರೇನು?

ಹೆಸರು, ಮಡಿಕಿ, ಅಲಸಂದಿ, ಹುರಳಿ, ಕಡಲೆ, ತೊಗರಿ, ಅವರೆ, ಉದ್ದು ಇವೆಲ್ಲ ದ್ವಿದಳ ಧಾನ್ಯಗಳು. ಕಾಳನ್ನು ನೆನೆಸಿ ಸಿಪ್ಪೆ ತೆಗೆದರೆ ಎರಡು ದಳ ಕಾಣುತ್ತವೆ. ನಡುವೆ ಒಂದು ಸಣ್ಣ ಮೊಳಕೆಯ ಮೂಗು ಇರುತ್ತದೆ. ಕಾಳನ್ನು ಒಡೆದು ಸಿಪ್ಪೆ ತೆಗೆದರೆ ಅದೇ ಬೇಳೆ. ಒಡೆಯುವಾಗ ಆ ಮೂಗು ಹಾಳಾಗುತ್ತದೆ, ಅದಕ್ಕೇ ಬೇಳೆ ಮೊಳಕೆ ಒಡೆಯುವುದಿಲ್ಲ.

ಈ ಗಿಡಗಳ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ. ಅದರಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ವಾಸ ಮಾಡುತ್ತದೆ. ಅದು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಮಳೆಗಾಲದಾಗ ಹೆಸರಿನ ಗಿಡ ಒಂದನ್ನು ಮಣ್ಣು ಸಮೇತ ಮೆಲ್ಲಗೆ ಕಿತ್ತು ನೋಡ್ರಿ, ಗಂಟು ಕಾಣತಾವ. ಹೊಲಕ್ಕೂ ಗೊಬ್ಬರ, ಹೊಟ್ಟೆಗೂ ಆಹಾರ.

ನಮ್ಮ ಅಜ್ಜಿ ಹೇಳುವ ಪ್ರಕಾರ ಮೊದಲು ಜೋಳದ ಹೊಲದಾಗ ಅಕ್ಕಡಿ ಸಾಲು ಅಂತ ತೊಗರಿ, ಅಲಸಂದಿ, ಮಡಿಕಿ ಹಾಕುತ್ತಿದ್ದರು. ಮನೆಗೆ ಬೇಕಾದ ಕಾಳು ಮನೆಯ ಹೊಲದಲ್ಲೇ ಬರುತ್ತಿತ್ತು. ಈಗ ನಮ್ಮ ಕಡೆ ಗೋವಿನಜೋಳ, ಹತ್ತಿ ಹೆಚ್ಚು. ಬಹಳ ಮನೆಗೆ ಕಾಳು ಸಂತೆಯಿಂದಲೇ ಬರಬೇಕು. ತರುವಾಗ ರೊಕ್ಕದ ಲೆಕ್ಕ ಬರುತ್ತದೆ. ರೊಕ್ಕ ಕಡಿಮೆ ಬಿದ್ದಾಗ ಮೊದಲು ಕಡಿಮೆ ಆಗೋದು ಅನ್ನ ಅಲ್ಲ, ಕಾಳು. ಸಾರಿಗೆ ಇನ್ನೊಂದು ತಂಬಿಗೆ ನೀರು ಬೀಳುತ್ತದೆ, ಅಷ್ಟೇ.

ಕಾಳಿನಲ್ಲಿ ಏನೈತಿ?

ನಮ್ಮ ಮೈ ಬೆಳೆಯಲು, ಗಾಯ ಮಾಯಲು, ರಕ್ತ ಆಗಲು ಪ್ರೋಟೀನ್ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಆಹಾರಗಳನ್ನು ಪರೀಕ್ಷೆ ಮಾಡಿ ಪಟ್ಟಿ ಮಾಡಿದ್ದಾರೆ. 100 ಗ್ರಾಂ ಒಣ ಧಾನ್ಯದಲ್ಲಿ ಪ್ರೋಟೀನ್ ಸುಮಾರು ಹೀಗಿದೆ:

ಅಕ್ಕಿ – 7 ಗ್ರಾಂ
ಜೋಳ – 10 ಗ್ರಾಂ
ಗೋಧಿ ಹಿಟ್ಟು – 12 ಗ್ರಾಂ
ಹುರಳಿ – 22 ಗ್ರಾಂ
ತೊಗರಿ ಬೇಳೆ – 22 ಗ್ರಾಂ
ಮಡಿಕಿ – 23 ಗ್ರಾಂ
ಹೆಸರು, ಅಲಸಂದಿ – 24 ಗ್ರಾಂ

ಅಕ್ಕಿಗಿಂತ ಕಾಳಿನಲ್ಲಿ ಮೂರು ಪಟ್ಟು ಐತಿ ಎಂದು ಇದರಿಂದ ತಿಳಿಯುತ್ತದೆ. ಹುರಳಿ ಮತ್ತು ತೊಗರಿ ಸರಿಸಮ ಎಂಬುದನ್ನೂ ಗಮನಿಸಿರಿ. ಈ ಮಾತು ಮುಂದೆ ಬೇಕಾಗುತ್ತದೆ.

ರೊಟ್ಟಿಗೂ ಕಾಳಿಗೂ ಯಾಕೆ ಜೋಡಿ?

ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳೆಂಬ ಸಣ್ಣ ಇಟ್ಟಿಗೆಗಳಿಂದ ಕಟ್ಟಿದ ಗೋಡೆ ಇದ್ದ ಹಾಗೆ. ಜೋಳ ಮತ್ತು ಅಕ್ಕಿಯಲ್ಲಿ ಲೈಸಿನ್ ಎಂಬ ಇಟ್ಟಿಗೆ ಕಡಿಮೆ. ಕಾಳಿನಲ್ಲಿ ಅದು ಬೇಕಾದಷ್ಟಿದೆ. ಕಾಳಿನಲ್ಲಿ ಮೆಥಿಯೋನಿನ್ ಕಡಿಮೆ, ಅದು ಜೋಳ ಮತ್ತು ಅಕ್ಕಿಯಲ್ಲಿ ಇದೆ. ಎರಡೂ ಕೂಡಿದರೆ ಗೋಡೆ ಪೂರ್ತಿ ಆಗುತ್ತದೆ. ನಮ್ಮ ಹಿರಿಯರಿಗೆ ಲೈಸಿನ್ ಎಂಬ ಹೆಸರು ಗೊತ್ತಿರಲಿಲ್ಲ. ಆದರೆ ಜೋಳದ ರೊಟ್ಟಿ ಜೋಡಿ ಕಾಳು ಪಲ್ಯ, ಅನ್ನದ ಜೋಡಿ ಬ್ಯಾಳಿ ಸಾರು ಅವರೇ ಕಲಿಸಿದ್ದು.

ನಮಗೆ ದಿನಕ್ಕೆ ಎಷ್ಟು ಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2020ರಲ್ಲಿ ಹೇಳಿದಂತೆ 13 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 43 ಗ್ರಾಂ ಪ್ರೋಟೀನ್ ಬೇಕು, ಹುಡುಗನಿಗೆ ಸುಮಾರು 45 ಗ್ರಾಂ. ಲೆಕ್ಕ ಮಾಡೋಣ.

ದಿನಕ್ಕೆ ಮೂರು ರೊಟ್ಟಿ, ಅಂದರೆ 150 ಗ್ರಾಂ ಜೋಳದ ಹಿಟ್ಟು: 15 ಗ್ರಾಂ ಪ್ರೋಟೀನ್.
150 ಗ್ರಾಂ ಅಕ್ಕಿಯ ಅನ್ನ: 10 ಗ್ರಾಂ.
ಒಟ್ಟು 25 ಗ್ರಾಂ. ಹುಡುಗಿಗೆ ಇನ್ನೂ 18 ಗ್ರಾಂ ಕಡಿಮೆ ಬಿತ್ತು.

ಅಂಗಡಿಯ ತಕ್ಕಡ್ಯಾಗ ತೂಗಿಸಿ ನೋಡಿದೆ. ನನ್ನ ಒಂದು ಹಿಡಿ ಹೆಸರು 30 ಗ್ರಾಂ ಮೇಲೆ ಬಂತು, ಅವ್ವನ ಹಿಡಿ 40 ಗ್ರಾಂ ಹತ್ತಿರ ಬಂತು. ಅವ್ವನ ಒಂದು ಹಿಡಿ ಕಾಳಿನಲ್ಲಿ 9 ಗ್ರಾಂ ಪ್ರೋಟೀನ್ ಇದೆ. ಎರಡು ಹಿಡಿಗೆ 18 ಗ್ರಾಂ. ಕಡಿಮೆ ಬಿದ್ದದ್ದು ಸರಿಯಾಗಿ ತುಂಬಿತು! 2024ರ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಸೂಚನೆಯ ಮಾದರಿ ತಟ್ಟೆಯಲ್ಲಿಯೂ ದಿನಕ್ಕೆ 85 ಗ್ರಾಂ ಕಾಳು ಬೇಳೆ ಇದೆ. ಅಂದರೆ ಎರಡು ಹಿಡಿ.

ನಮ್ಮ ಶಾಲೆಯ ಬಿಸಿಯೂಟದಲ್ಲಿ 6, 7ನೇ ತರಗತಿಯವರಿಗೆ ಒಬ್ಬರಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ಎಂದು ನಿಯಮವಿದೆ. ಒಂದು ಹಿಡಿ ಹತ್ತಿರ ಇಲ್ಲೇ ಸಿಕ್ಕಿತು. ಆದ್ದರಿಂದ ಸಾರಿನಲ್ಲಿಯ ಬೇಳೆ, ತರಕಾರಿ ಆರಿಸಿ ಬದಿಗಿಡುವವರು ದಯವಿಟ್ಟು ಬಿಡಬೇಡಿ. ಉಳಿದ ಒಂದು ಹಿಡಿ ಮನೆಯಲ್ಲಿ ಆಗಬೇಕು. ರವಿವಾರ ಮತ್ತು ಸೂಟಿಯಲ್ಲಿ ಎರಡೂ ಹಿಡಿ ಮನೆಯಲ್ಲೇ ಆಗಬೇಕು.

ತುಟ್ಟಿ ಕಾಳು, ಸೋವಿ ಕಾಳು

ನಮ್ಮ ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ನಾನು, ತಮ್ಮ ಸೇರಿ ಐದು ಮಂದಿ. ತಲೆಗೆ ಒಂದು ಹಿಡಿ ಎಂದರೆ ದಿನಕ್ಕೆ 200 ಗ್ರಾಂ, ವಾರಕ್ಕೆ 1 ಕಿಲೋ 400 ಗ್ರಾಂ. ಎರಡು ಹಿಡಿ ಎಂದರೆ ವಾರಕ್ಕೆ 2 ಕಿಲೋ 800 ಗ್ರಾಂ. ಕೂಲಿ ಮಾಡುವ ಮನೆಗೆ ಇದು ಸಣ್ಣ ಮಾತಲ್ಲ. 2015ರಲ್ಲಿ ತೊಗರಿ ಬೇಳೆಯ ದರ ಬಹಳ ಪಟ್ಟಣಗಳಲ್ಲಿ ಕಿಲೋಕ್ಕೆ 200 ರೂಪಾಯಿ ಮುಟ್ಟಿತ್ತು. ಆ ಮಾತನ್ನು ದೊಡ್ಡವರು ಈಗಲೂ ಆಡುತ್ತಾರೆ.

ಹಾಗಾದರೆ ಏನು ಮಾಡಬೇಕು? ಒಂದೇ ಕಾಳಿಗೆ ಜೋತು ಬೀಳಬಾರದು. ಲೆಕ್ಕ ತಿಳಿಯಲಿ ಎಂದು ತೊಗರಿ ಬೇಳೆ ಕಿಲೋಕ್ಕೆ 150 ರೂಪಾಯಿ, ಹುರಳಿ 75 ರೂಪಾಯಿ ಎಂದು ಹಿಡಿಯಿರಿ. 150 ರೂಪಾಯಿಗೆ ತೊಗರಿ ಬೇಳೆಯಿಂದ 220 ಗ್ರಾಂ ಪ್ರೋಟೀನ್ ಬರುತ್ತದೆ. ಅದೇ ರೊಕ್ಕಕ್ಕೆ ಎರಡು ಕಿಲೋ ಹುರಳಿ, 440 ಗ್ರಾಂ ಪ್ರೋಟೀನ್. ಈ ವಾರದ ಸಂತೆಯ ದರ ಹಾಕಿ ನೀವೂ ಇದೇ ರೀತಿ ಲೆಕ್ಕ ಮಾಡಿರಿ. ಆ ವಾರ ಯಾವುದು ಸೋವಿ ಐತೋ ಅದನ್ನು ಹೆಚ್ಚು ತರಬೇಕು.

ಹುರಳಿ ಎಂದರೆ ಕೆಲವರು ಮೂಗು ಮುರಿಯುತ್ತಾರೆ. “ಅದು ಎತ್ತಿಗೆ ಹಾಕೋ ಕಾಳು” ಅಂತಾರೆ. ಎತ್ತಿಗೆ ಬಲ ಬರಲಿ ಎಂದೇ ಹಾಕುವುದಲ್ಲವೇ? 100 ಗ್ರಾಂ ಹುರಳಿಯಲ್ಲಿ 250 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ, 6 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣ ಇದೆ. ನಮ್ಮ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯ ಚರಿತೆ’ ಬರೆದರು. ಅದರಲ್ಲಿ ಅಕ್ಕಿಗೂ ರಾಗಿಗೂ ಯಾರು ಹೆಚ್ಚು ಎಂದು ಜಗಳ ನಡೆಯುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಕಡೆಗೆ ಗಟ್ಟಿಯಾಗಿ ಉಳಿದದ್ದು ಬಡವರ ಧಾನ್ಯ ರಾಗಿ. ಹುರಳಿಗೂ ಅದೇ ಮಾತು ಹೇಳಬಹುದು. ಬೆಲೆ ಕಡಿಮೆ ಇದ್ದ ಮಾತ್ರಕ್ಕೆ ಗುಣ ಕಡಿಮೆ ಅಲ್ಲ.

ಮಾಡುವ ವಿಧಾನ 1: ಹುರಳಿ ಕಟ್ಟಿನ ಸಾರು ಮತ್ತು ಪಲ್ಯ

ಒಂದು ಗಡಿಗೆ ಕಾಳಿನಲ್ಲಿ ಎರಡು ಅಡಿಗೆ ಆಗುತ್ತದೆ. ಐದು ಮಂದಿಗೆ ಐದು ಹಿಡಿ ಹುರಳಿ ತಗೊಳ್ರಿ. ಹರಳು ಆರಿಸಿ, ತೊಳೆದು, ರಾತ್ರಿ ನೆನೆ ಇಡಬೇಕು. ಮುಂಜಾನೆ ಆ ನೀರು ಚೆಲ್ಲಿ ಎಂಟು ಲೋಟ ಹೊಸ ನೀರು ಹಾಕಿ ಮೆತ್ತಗೆ ಬೇಯಿಸಬೇಕು. ಬೆಂದ ಮೇಲೆ ನೀರನ್ನು ಬೇರೆ ಪಾತ್ರೆಗೆ ಬಸಿಯಬೇಕು. ಇದೇ ಕಟ್ಟು. ಇದನ್ನು ಚೆಲ್ಲಬಾರದು, ಇದರಲ್ಲಿ ಸತ್ವ ಇಳಿದಿರುತ್ತದೆ.

ಸಾರಿಗೆ: ಒಂದು ಹಿಡಿಯಷ್ಟು ಬೆಂದ ಕಾಳು, ಒಣಕೊಬ್ಬರಿ ಚೂರು, ಬೆಳ್ಳುಳ್ಳಿ, ಜೀರಿಗೆ ಅರೆದು ಕಟ್ಟಿಗೆ ಹಾಕಬೇಕು. ಹುಣಸೆ ಹುಳಿ, ಖಾರ, ಉಪ್ಪು, ಚೂರು ಬೆಲ್ಲ ಹಾಕಿ ಕುದಿಸಿ ಸಾಸಿವೆ ಕರಿಬೇವಿನ ಒಗ್ಗರಣೆ ಕೊಡಬೇಕು.

ಪಲ್ಯಕ್ಕೆ: ಉಳ್ಳಾಗಡ್ಡಿ ಒಗ್ಗರಣೆಯಲ್ಲಿ ಉಳಿದ ಕಾಳು ಹಾಕಿ, ಖಾರ, ಉಪ್ಪು, ಅರಿಶಿನ ಸೇರಿಸಿ ಐದು ನಿಮಿಷ ಬಾಡಿಸಬೇಕು. ಮ್ಯಾಲೆ ಕೊತ್ತಂಬರಿ. ಪಲ್ಯ ರೊಟ್ಟಿಗೆ, ಸಾರು ಅನ್ನಕ್ಕೆ.

ಮಾಡುವ ವಿಧಾನ 2: ಮೊಳಕೆ ಮಡಿಕಿ ಪಲ್ಯ

ಮುಂಜಾನೆ ಮಡಿಕಿ ಕಾಳು ನೆನೆ ಹಾಕಿ. ಸಂಜೆ ನೀರು ಬಸಿದು ತೊಯ್ದ ಬಟ್ಟೆಯಲ್ಲಿ ಕಟ್ಟಿ ಇಡಿ. ಮರುದಿನಕ್ಕೆ ಬಿಳಿ ಮೊಳಕೆ ಬಂದಿರುತ್ತದೆ. ಮೊಳಕೆ ಬಂದಾಗ ಸಿ ಜೀವಸತ್ವ ಹೆಚ್ಚುತ್ತದೆ, ಕಾಳು ಬೇಗ ಬೇಯುತ್ತದೆ, ಗ್ಯಾಸು ಕಟ್ಟಿಗೆ ಉಳಿಯುತ್ತದೆ. ಒಗ್ಗರಣೆಗೆ ಹಾಕಿ ಸ್ವಲ್ಪ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ ಬೇಯಿಸಿದರೆ ಸಾಕು. ಉಣ್ಣುವಾಗ ಲಿಂಬೆಹಣ್ಣು ಹಿಂಡಿಕೊಳ್ರಿ. ಲಿಂಬೆಯ ಹುಳಿಯಿಂದ ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೋಡಿ ಚಹಾ ಕುಡಿದರೆ ಅದು ಹತ್ತುವುದು ಕಡಿಮೆ ಆಗುತ್ತದೆ. ಚಹಾ ಕುಡಿಯುವವರು ಒಂದು ತಾಸು ಬಿಟ್ಟು ಕುಡಿಯಲಿ.

ನಮ್ಮ ಮನೆಯ ವಾರದ ಪಟ್ಟಿ

ಸೋಮವಾರ – ಹೆಸರುಕಾಳು ಪಲ್ಯ, ರೊಟ್ಟಿ
ಮಂಗಳವಾರ – ಹುರಳಿ ಕಟ್ಟಿನ ಸಾರು, ಪಲ್ಯ
ಬುಧವಾರ – ತೊಗರಿ ಬ್ಯಾಳಿ ಹಾಕಿದ ಪುಂಡಿ ಪಲ್ಯ
ಗುರುವಾರ – ಮೊಳಕೆ ಮಡಿಕಿ ಪಲ್ಯ
ಶುಕ್ರವಾರ – ಅಲಸಂದಿ ಸಾರು, ಅನ್ನ
ಶನಿವಾರ – ಕಡಲೆ ಹಿಟ್ಟಿನ ಜುಣಕ, ರೊಟ್ಟಿ
ರವಿವಾರ – ಮುಂಜಾನೆ ಕಡಲೆಕಾಳು ಉಸುಳಿ, ರಾತ್ರಿ ಬ್ಯಾಳಿ ಸಾರು

ತೊಗರಿ ಬೇಳೆ ವಾರದಲ್ಲಿ ಎರಡೇ ದಿನ ಬಂದಿದೆ ನೋಡಿ. ಆದರೂ ಕಾಳು ಇಲ್ಲದ ದಿನ ಒಂದೂ ಇಲ್ಲ.

ಬಡಿಸುವ ಪಾಠ

ಇದು ನನ್ನ ಲೇಖನದ ಮುಖ್ಯ ಮಾತು. ಕಾಳು ತಂದು ಬೇಯಿಸಿದರೆ ಮುಗಿಯಲಿಲ್ಲ, ಅದು ಎಲ್ಲರ ತಾಟಿಗೂ ಬೀಳಬೇಕು. ಕಾಳು ಭಾರ, ಸಾರಿನ ತಳಕ್ಕೆ ಕೂಡುತ್ತದೆ. ಮೊದಲು ಉಣ್ಣುವವರಿಗೆ ಸೌಟು ತಳಕ್ಕೆ ಮುಟ್ಟಿಸಿ ಕಾಳು ಬಡಿಸುತ್ತಾರೆ. ಕಡೆಗೆ ಉಣ್ಣುವವರಿಗೆ ಬರೀ ತಿಳಿ ಉಳಿಯುತ್ತದೆ. ಕಡೆಗೆ ಉಣ್ಣುವವರು ಯಾರು? ಬಹಳ ಮನೆಗಳಲ್ಲಿ ಅವ್ವ, ಅಜ್ಜಿ, ದೊಡ್ಡ ಮಗಳು. ಇಡೀ ದಿನ ಹೊಲದಾಗ ಬಗ್ಗಿ ಕಸ ತೆಗೆದು ಬಂದಾಕಿಗೆ ಚಟ್ನಿ ಮತ್ತು ತಿಳಿ ಸಾರು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ ಇದೆ. 15ರಿಂದ 19 ವರ್ಷದ ಹುಡುಗಿಯರಲ್ಲಿ 100ಕ್ಕೆ 59 ಮಂದಿಗೆ. ಇನ್ನು ಎರಡು ವರ್ಷಕ್ಕೆ ನಮ್ಮ ತರಗತಿಯ ಹುಡುಗಿಯರೂ ಆ ಲೆಕ್ಕಕ್ಕೆ ಬರುತ್ತೇವೆ. ರಕ್ತಹೀನತೆ ಬರೀ ಕಾಳಿನಿಂದ ಹೋಗುವುದಿಲ್ಲ. ಶಾಲೆಯಲ್ಲಿ ಕೊಡುವ ಕಬ್ಬಿಣದ ಗುಳಿಗೆ, ಜಂತುಹುಳದ ಗುಳಿಗೆ, ಸೊಪ್ಪು ಎಲ್ಲವೂ ಬೇಕು. ಆದರೆ ತಾಟಿನಲ್ಲಿ ತಿಳಿ ಮಾತ್ರ ಬಿದ್ದರೆ ಗುಳಿಗೆ ಒಂದೇ ಎಷ್ಟು ಕೆಲಸ ಮಾಡೀತು?

ನಮ್ಮ ಮನೆಯಲ್ಲಿ ಈಗ ಬಡಿಸುವ ಕೆಲಸ ನನ್ನದು. ಮೊದಲು ಸಾರನ್ನು ತಳದಿಂದ ಕೈಯಾಡಿಸುತ್ತೇನೆ. ಯಾರೂ ಉಣ್ಣುವ ಮೊದಲೇ ಅವ್ವನ ಪಾಲು ಒಂದು ಬಟ್ಟಲದಾಗ ತೆಗೆದು ಮುಚ್ಚಿ ಇಡುತ್ತೇನೆ. “ನನಗ್ಯಾಕವ್ವ ಅಷ್ಟು, ತಮ್ಮಗ ಹಾಕು” ಅಂದಳು ಅವ್ವ. ಆಗ ಅಪ್ಪ, “ಆಕೀ ಪಾಲು ಆಕೀಗೇ ಇರಲಿ, ತೆಗೀಬ್ಯಾಡ” ಅಂದರು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಹುಡುಗರೂ ಈ ಕೆಲಸ ಮಾಡಬಹುದು.

ನೆನಪಿಡಿ

1. ಹುಳಿಯನ್ನು ಕಾಳು ಬೆಂದ ಮೇಲೆ ಹಾಕಬೇಕು. ಮೊದಲೇ ಹಾಕಿದರೆ ಕಾಳು ಬೇಗ ಮೆತ್ತಗಾಗುವುದಿಲ್ಲ.
2. ಅಡಿಗೆ ಸೋಡಾ ಹಾಕಿ ಬೇಯಿಸಬಾರದು. ಬಿ ಜೀವಸತ್ವ ಹಾಳಾಗುತ್ತದೆ.
3. ಬೋರಿನ ಗಡಸು ನೀರಲ್ಲಿ ಕಾಳು ತಡವಾಗಿ ಬೇಯುತ್ತದೆ. ಮೆದು ನೀರು ಸಿಕ್ಕರೆ ಅದನ್ನೇ ಬಳಸಿರಿ.
4. ಕಾಳನ್ನು ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಬೇವಿನ ಒಣ ಎಲೆ ಹಾಕಿ ಬಾಯಿ ಬಿಗಿದ ಡಬ್ಬಿಯಲ್ಲಿ ಇಡಬೇಕು.

ನಿಮಗೆ ಗೊತ್ತೇ?

ವಿಶ್ವಸಂಸ್ಥೆಯವರು 2016ನ್ನು ಅಂತರರಾಷ್ಟ್ರೀಯ ದ್ವಿದಳ ಧಾನ್ಯ ವರ್ಷ ಎಂದು ಆಚರಿಸಿದರು. 2019ರಿಂದ ಪ್ರತಿವರ್ಷ ಫೆಬ್ರವರಿ 10 ವಿಶ್ವ ದ್ವಿದಳ ಧಾನ್ಯ ದಿನ. ಜಗತ್ತಿನಲ್ಲಿ ಅತಿ ಹೆಚ್ಚು ಕಾಳು ಬೆಳೆಯುವ ದೇಶವೂ, ಅತಿ ಹೆಚ್ಚು ತಿನ್ನುವ ದೇಶವೂ ಭಾರತವೇ. ನಮ್ಮ ರಾಜ್ಯದ ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ.

ಉತ್ತರಿಸಿರಿ

1. ಬೇಳೆ ಯಾಕೆ ಮೊಳಕೆ ಒಡೆಯುವುದಿಲ್ಲ?
2. ನಿಮ್ಮ ಮನೆಯಲ್ಲಿ ಎಷ್ಟು ಮಂದಿ? ತಲೆಗೆ ಒಂದು ಹಿಡಿಯಂತೆ ವಾರಕ್ಕೆ ಎಷ್ಟು ಕಾಳು ಬೇಕು?
3. ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಕಡೆಗೆ ಉಂಡವರು ಯಾರು? ಅವರ ತಾಟಿನಲ್ಲಿ ಕಾಳು ಇತ್ತೇ?

ಮೂರನೆಯ ಪ್ರಶ್ನೆಯ ಉತ್ತರವನ್ನು ಪುಸ್ತಕದಲ್ಲಿ ಹುಡುಕಬೇಡಿ, ಮನೆಯಲ್ಲಿ ನೋಡಿ ಬರೆಯಿರಿ.

– ಏಳನೇ ತರಗತಿಯ ವಿದ್ಯಾರ್ಥಿನಿ, ಹತ್ತಿಮತ್ತೂರು