ಪೇಟೆಂಟ್ ನೋಟಿಸ್ ಬಂದರೆ ಕಾಲೇಜು ಏನು ಮಾಡಬೇಕು?

ಎಂ.ಎ. ಓದುತ್ತಿರುವವರೊಬ್ಬರು ಅದೇ ವಿಶ್ವವಿದ್ಯಾಲಯದ ಪದವಿ ತರಗತಿಗೆ ಪಾಠವನ್ನೂ ಮಾಡುತ್ತಾರೆ. ಆನ್‌ಲೈನ್ ಕಲಿಕಾ ವ್ಯವಸ್ಥೆಯಲ್ಲಿ ಅವರಿಗೆ ಒಂದು ಕಡೆ ವಿದ್ಯಾರ್ಥಿಯ ಪಾತ್ರ, ಇನ್ನೊಂದು ಕಡೆ ಅಧ್ಯಾಪಕರ ಪಾತ್ರ. ಇಷ್ಟು ಸಹಜವಾದ ಏರ್ಪಾಟಿಗೂ ಒಡೆಯರಿರಬಹುದೇ? ಅಮೆರಿಕದ ಬ್ಲ್ಯಾಕ್‌ಬೋರ್ಡ್ ಕಂಪನಿ ಇದು ತನ್ನ ಆವಿಷ್ಕಾರವೆಂದಿತು. 2006ರ ಜನವರಿಯಲ್ಲಿ ಅಲ್ಲಿನ ಪೇಟೆಂಟ್ ಕಚೇರಿ 44 ಕ್ಲೇಮುಗಳ (ಹಕ್ಕಿನ ವ್ಯಾಪ್ತಿ ಹೇಳುವ ವಾಕ್ಯಗಳ) ಪೇಟೆಂಟನ್ನೂ ಕೊಟ್ಟಿತು. ಅದೇ ವರ್ಷದ ಜುಲೈನಲ್ಲಿ ಕಂಪನಿಯು ಕೆನಡಾದ ಪ್ರತಿಸ್ಪರ್ಧಿ ಕಂಪನಿ ಡಿಸೈರ್‌ಟುಲರ್ನ್ ಮೇಲೆ ಟೆಕ್ಸಾಸಿನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು.

ವಿಶ್ವವಿದ್ಯಾಲಯಗಳು ಬೆಚ್ಚಿದ್ದರಲ್ಲಿ ಅರ್ಥವಿತ್ತು. ಪೇಟೆಂಟ್ ಉಲ್ಲಂಘನೆಯ ಹೊಣೆ ತಂತ್ರಾಂಶ ಮಾರಿದವರ ಮೇಲಷ್ಟೇ ಅಲ್ಲ, ಬಳಸಿದವರ ಮೇಲೂ ಬೀಳಬಹುದು. ನಮ್ಮ 1970ರ ಪೇಟೆಂಟ್ ಕಾಯ್ದೆಯ 48ನೇ ಕಲಮೂ ಬಳಕೆಯನ್ನು ಒಳಗೊಂಡಿದೆ.

ಆಗ ಸುಮ್ಮನೆ ಕೂರದವರೂ ಇದ್ದರು. ಮೂಡಲ್, ಸಕಾಯ್, ಎಟ್ಯೂಟರ್ ಎಂಬ ಮುಕ್ತ ತಂತ್ರಾಂಶಗಳ ಪರವಾಗಿ ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರ್ 2006ರ ನವೆಂಬರಿನಲ್ಲಿ ಪೇಟೆಂಟಿನ ಮರುಪರಿಶೀಲನೆ ಕೋರಿತು. 2007ರ ಫೆಬ್ರವರಿಯಲ್ಲಿ ಬ್ಲ್ಯಾಕ್‌ಬೋರ್ಡ್, ಮುಕ್ತ ತಂತ್ರಾಂಶ ಹಾಗೂ ಸಂಸ್ಥೆಗಳು ತಾವೇ ಕಟ್ಟಿಕೊಂಡ ವ್ಯವಸ್ಥೆಗಳ ಮೇಲೆ ಪೇಟೆಂಟ್ ಹೇರುವುದಿಲ್ಲವೆಂದು ಮಾತು ಕೊಟ್ಟಿತು. ಮಾತಿಗೆ ಷರತ್ತುಗಳೂ ಇದ್ದವೆನ್ನಿ.

2008ರಲ್ಲಿ ಜ್ಯೂರಿಯು ಬ್ಲ್ಯಾಕ್‌ಬೋರ್ಡ್‌ಗೆ ಸುಮಾರು 31 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಕುತೂಹಲ ಹುಟ್ಟಿಸುವುದು ಆಮೇಲಿನ ಕಥೆ. ಮೊದಲ 35 ಕ್ಲೇಮುಗಳು ಅಸ್ಪಷ್ಟವೆಂದು ವಿಚಾರಣಾ ನ್ಯಾಯಾಲಯವೇ ಹೇಳಿತ್ತು. ಜ್ಯೂರಿಯ ಮುಂದೆ ಗೆದ್ದದ್ದು 36ರಿಂದ 38ರವರೆಗಿನವು. ಒಮ್ಮೆ ಲಾಗಿನ್ ಆದವರಿಗೆ ಹಲವು ಪಾತ್ರ ಕೊಡುವುದೇ ತನ್ನ ಹೊಸತನ ಎಂಬುದು ಕಂಪನಿಯ ವಾದ. ಮೇಲ್ಮನವಿ ನ್ಯಾಯಾಲಯ ಕ್ಲೇಮುಗಳ ಪದಗಳನ್ನೇ ಹಿಡಿದು ಓದಿತು. ಒಂದೇ ಲಾಗಿನ್ ಇರಬೇಕೆಂಬ ಮಾತು ಅಲ್ಲಿ ಇರಲೇ ಇಲ್ಲ. ಆ ಮಾತಿಲ್ಲದೆ ಓದಿದರೆ ಅದೆಲ್ಲ ಹಳೆಯ ವ್ಯವಸ್ಥೆಗಳಲ್ಲಿ ಆಗಲೇ ಇತ್ತು. ಅವುಗಳಲ್ಲಿ ಒಂದು ಕೋರ್ಸ್‌ಇನ್ಫೋ, ಅಂದರೆ ಬ್ಲ್ಯಾಕ್‌ಬೋರ್ಡಿನ ವಂಶವೃಕ್ಷಕ್ಕೇ ಸೇರಿದ ತಂತ್ರಾಂಶ! 2009ರ ಜುಲೈನಲ್ಲಿ ಆ ಮೂರು ಕ್ಲೇಮುಗಳೂ ಬಿದ್ದವು. ಡಿಸೆಂಬರಿನಲ್ಲಿ ಎರಡೂ ಕಂಪನಿಗಳು ರಾಜಿಯಾದವು.

ನಮ್ಮಲ್ಲಿ ಇಂಥ ಪೇಟೆಂಟ್ ಸಿಗುವುದೇ ಕಷ್ಟ. ಕಂಪ್ಯೂಟರ್ ಪ್ರೋಗ್ರಾಂ ಕೇವಲ ಪ್ರೋಗ್ರಾಂ ಆಗಿ ಆವಿಷ್ಕಾರವಲ್ಲ ಎನ್ನುತ್ತದೆ 3(ಕೆ) ಕಲಮು. ಆದರೆ ಆ ಬಾಗಿಲು ಪೂರ್ತಿ ಮುಚ್ಚಿಲ್ಲ. ತಾಂತ್ರಿಕ ಪರಿಣಾಮ ತೋರಿಸಿದರೆ ಪೇಟೆಂಟ್ ಸಿಗಬಹುದೆಂದು ದೆಹಲಿ ಹೈಕೋರ್ಟ್ 2019ರಲ್ಲಿ ಫರೀದ್ ಅಲ್ಲಾನಿ ಪ್ರಕರಣದಲ್ಲಿ ಹೇಳಿದೆ.

ಹಾಗಾಗಿ ನಾಗರಿಕರಿಗಿರುವ ಹಕ್ಕುಗಳನ್ನು ತಿಳಿದಿರಬೇಕು. ಪೇಟೆಂಟ್ ಅರ್ಜಿ ಪ್ರಕಟವಾದ ಮೇಲೆ, ಮಂಜೂರಾಗುವ ಮೊದಲು, ಯಾರು ಬೇಕಾದರೂ 25(1) ಕಲಮಿನಡಿ ನಮೂನೆ 7ಎಯಲ್ಲಿ ಆಕ್ಷೇಪಣೆ ಸಲ್ಲಿಸಬಹುದು. ಕರ್ನಾಟಕದ ಅರ್ಜಿದಾರರ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಪ್ರಕಟವಾದ ಅರ್ಜಿಗಳನ್ನು ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಹುಡುಕಬಹುದು. ಮಂಜೂರಾತಿ ಪ್ರಕಟವಾದ ಒಂದು ವರ್ಷದೊಳಗೆ 25(2)ರ ವಿರೋಧಕ್ಕೆ ಅವಕಾಶವಿದೆ, ಆದರೆ ಅದು ಹಿತಾಸಕ್ತಿ ಉಳ್ಳವರಿಗೆ ಮಾತ್ರ. ಅದೂ ತಪ್ಪಿದರೆ 64ನೇ ಕಲಮಿನಡಿ ಹೈಕೋರ್ಟಿನಲ್ಲಿ ರದ್ದತಿ ಕೋರಬಹುದು. ಪರೀಕ್ಷಿಸಿ ಕೊಟ್ಟ ಮಾತ್ರಕ್ಕೆ ಪೇಟೆಂಟ್ ಸಿಂಧುವೆಂಬ ಖಾತರಿಯಿಲ್ಲ ಎಂದು ಕಾಯ್ದೆಯ 13(4)ನೇ ಕಲಮೇ ಹೇಳುತ್ತದೆ.

ಆಕ್ಷೇಪಣೆಯ ಜೀವಾಳ ದಿನಾಂಕವಿರುವ ಕಾಗದ. ಹಳೆಯ ಕೈಪಿಡಿ, ಸಮ್ಮೇಳನದ ಪ್ರಬಂಧ, ತಂತ್ರಾಂಶದ ಹಳೆಯ ಆವೃತ್ತಿಯ ಸಾರ್ವಜನಿಕ ದಾಖಲೆ ಇವೆಲ್ಲ ಅರ್ಜಿಯ ಆದ್ಯತಾ ದಿನಾಂಕಕ್ಕಿಂತ, ಅಂದರೆ ಹೊಸತನವನ್ನು ಅಳೆಯುವ ದಿನಕ್ಕಿಂತ, ಹಿಂದಿನವಾಗಿರಬೇಕು. ಕಾಲೇಜಿನ ಕಂಪ್ಯೂಟರ್ ವಿಭಾಗ ಇಂಥವನ್ನು ರದ್ದಿಗೆ ಹಾಕದಿದ್ದರೆ ಒಳಿತು. ತಂತ್ರಾಂಶ ಕೊಳ್ಳುವ ಒಪ್ಪಂದದಲ್ಲಿ ಪೇಟೆಂಟ್ ದಾವೆ ಬಂದರೆ ನಷ್ಟ ಭರಿಸುವವರು ಮಾರಾಟಗಾರರೇ ಎಂಬ ಷರತ್ತು ಇದೆಯೇ ನೋಡಿ. ಸಹಿ ಹಾಕುವ ಅವಸರದಲ್ಲಿ ಇದು ಕಣ್ತಪ್ಪುತ್ತದೆ.

ನೋಟಿಸ್ ಬಂದರೆ ತಕ್ಷಣ ಹಣ ಕಟ್ಟಬೇಡಿ, ತಪ್ಪೊಪ್ಪಿಗೆಯ ಪತ್ರವನ್ನೂ ಬರೆಯಬೇಡಿ. ಪೇಟೆಂಟ್ ಸಂಖ್ಯೆ ಕೇಳಿ, ಅದು ಭಾರತದಲ್ಲಿ ಜಾರಿಯಲ್ಲಿದೆಯೇ ಪರಿಶೀಲಿಸಿ. ಅಮೆರಿಕದ ಪೇಟೆಂಟ್ ಇಲ್ಲಿ ನಡೆಯದು. ನಂತರ ವಕೀಲರೊಡನೆ ಕೂತು ಕ್ಲೇಮುಗಳನ್ನು ಒಂದೊಂದಾಗಿ ಓದಿ. ಆಧಾರವಿಲ್ಲದ ಬೆದರಿಕೆಯಾದರೆ 106ನೇ ಕಲಮಿನಡಿ ನೀವೇ ದಾವೆ ಹೂಡಿ ತಡೆಯಾಜ್ಞೆಯನ್ನೂ ಪರಿಹಾರವನ್ನೂ ಕೇಳಬಹುದು. ಆದರೆ ಪೇಟೆಂಟ್ ಇದೆಯೆಂದು ಬರೀ ತಿಳಿಸುವ ಪತ್ರ ಬೆದರಿಕೆ ಎನಿಸುವುದಿಲ್ಲ. ಆದ್ದರಿಂದ ಪತ್ರದ ಒಕ್ಕಣೆ ಮುಖ್ಯ. ಪತ್ರವನ್ನು ಲಕೋಟೆಸಹಿತ ತೆಗೆದಿಡಿ.